ಒಂದೇ ಮೇಜು, ಒಂದೇ ದೋಣಿ: ಜೂಜುಕೋರ ಡಾಕ್ಟರ್ ಕಾರ್ಡಾನೋನ ಕಥೆ

ಒಂದು ಲೆಕ್ಕದಿಂದ ಶುರು ಮಾಡೋಣ. ಒಂದು ಪೋಕರ್ ಟೂರ್ನಮೆಂಟ್. ಆಡೋಕೆ ಬಂದವರು 90 ಜನ. 10 ಟೇಬಲ್, ಪ್ರತಿ ಟೇಬಲಿಗೆ 9 ಕುರ್ಚಿ. ಯಾರು ಎಲ್ಲಿ ಕೂರಬೇಕು ಅನ್ನೋದನ್ನ ಚೀಟಿ ಎತ್ತಿ ತೀರ್ಮಾನ ಮಾಡ್ತಾರೆ. ಈ 90 ಜನರಲ್ಲಿ ನಾಲ್ಕು ಮಂದಿ ಗೆಳೆಯರು. ಅವರಲ್ಲಿ ಕನಿಷ್ಠ ಇಬ್ಬರಾದರೂ ಒಂದೇ ಟೇಬಲಿಗೆ ಬೀಳುವ ಸಂಭವ ಎಷ್ಟು?

ಪ್ರಾಬಬಿಲಿಟಿ ಪೇಪರ್ ಬರೆದು ಪಾಸಾದವರೂ ಮೊದಲ ಏಟಿಗೆ ಹೀಗೆ ಮಾಡ್ತಾರೆ. ಬರೀ ಇಬ್ಬರು ಗೆಳೆಯರು ಅಂದುಕೊಳ್ಳಿ. ಮೊದಲನೆಯವನು ಎಲ್ಲೋ ಒಂದು ಕಡೆ ಕೂತ. ಉಳಿದಿರೋದು 89 ಕುರ್ಚಿ, ಅದರಲ್ಲಿ ಅವನ ಟೇಬಲಿನವು 8. ಅಂದರೆ 8/89, ಸುಮಾರು ಶೇಕಡ 9. ನಾಲ್ಕು ಜನರಲ್ಲಿ ಜೋಡಿಗಳು ಆರು. ಆರು ಒಂಬತ್ಲಿ ಐವತ್ನಾಲ್ಕು. ಅಂದರೆ ಅರ್ಧಕ್ಕಿಂತ ಜಾಸ್ತಿ, ಇಬ್ಬರು ಜೊತೆಗೆ ಬೀಳ್ತಾರೆ ಅಂತ ಧೈರ್ಯವಾಗಿ ಬಾಜಿ ಕಟ್ಟಬಹುದು.

ಕಟ್ಟಿದರೆ ಕೈ ಸುಡುತ್ತೆ. ಸರಿಯಾದ ಉತ್ತರ ಸುಮಾರು ಶೇಕಡ 46, ಅರ್ಧಕ್ಕಿಂತ ಕಡಿಮೆ. ಯಾಕೆ ಅಂತ ಮುಂದೆ ನೋಡೋಣ. ಸಂಭವಗಳನ್ನು ಒಂದರ ಮೇಲೊಂದು ಕೂಡುತ್ತಾ ಹೋಗುವ ಈ ತಪ್ಪು ಹೊಸದಲ್ಲ. ಸುಮಾರು ನಾಲ್ಕೂವರೆ ನೂರು ವರ್ಷಗಳ ಹಿಂದೆ ಇಟಲಿಯ ಒಬ್ಬ ಡಾಕ್ಟರು ಇದೇ ತಪ್ಪು ಮಾಡಿದ್ದ, ಆಮೇಲೆ ತಾನೇ ಅದರಿಂದ ಹೊರಗೆ ಬಂದಿದ್ದ. ಅವನ ಹೆಸರು ಜಿರೋಲಾಮೋ ಕಾರ್ಡಾನೋ. ಪೋಕರಿನ ಪೂರ್ವಜ ಎನ್ನಲಾಗುವ ಪ್ರಿಮೆರೋ ಎಂಬ ಇಸ್ಪೀಟಾಟದಲ್ಲಿ ಪಳಗಿದವನು. ಜೂಜಿನ ಗಣಿತದ ಬಗ್ಗೆ ನಮಗೆ ಗೊತ್ತಿರುವ ಮೊದಲ ಪುಸ್ತಕ ಬರೆದವನು.

ಮೆಕ್ಯಾನಿಕಲ್‌ನವರಿಗೆ ಈ ಹೆಸರು ಎಲ್ಲೋ ಕೇಳಿದ ಹಾಗಿರಬಹುದು. ಲಾರಿ ಅಡಿಗೆ ಬಗ್ಗಿ ನೋಡಿದರೆ ಗೇರ್‌ಬಾಕ್ಸಿನಿಂದ ಹಿಂದಿನ ಆ್ಯಕ್ಸಲ್ಲಿಗೆ ಹೋಗುವ ಉದ್ದನೆ ಶಾಫ್ಟು ಕಾಣುತ್ತಲ್ಲ, ತುದಿಯಲ್ಲಿ ಯೂನಿವರ್ಸಲ್ ಜಾಯಿಂಟ್ ಇರೋದು, ಅದಕ್ಕೆ ಕಾರ್ಡನ್ ಶಾಫ್ಟ್ ಅಂತ ಹೆಸರು ಬಂದಿದ್ದು ಇವನಿಂದಲೇ. ಹಾಗಂತ ಅವನು ಅದನ್ನು ಕಂಡುಹಿಡಿದ ಅಂತಲ್ಲ. ಯಾವ ಕಡೆ ವಾಲಿಸಿದರೂ ಒಳಗಿನ ವಸ್ತು ನೆಟ್ಟಗೇ ನಿಲ್ಲುವ ತೂಗುಬಳೆಗಳ ಏರ್ಪಾಡು ಅವನಿಗಿಂತ ಎಷ್ಟೋ ಮೊದಲೇ ಇತ್ತು. ಅವನು ಅದನ್ನು ತನ್ನ ಪುಸ್ತಕದಲ್ಲಿ ವರ್ಣಿಸಿದ, ಹೆಸರು ಅಂಟಿಕೊಂಡಿತು.

ಬೇಡವಾಗಿ ಹುಟ್ಟಿದವನು

ಕಾರ್ಡಾನೋ ಹುಟ್ಟಿದ್ದು 1501ರ ಸೆಪ್ಟೆಂಬರಿನಲ್ಲಿ, ಇಟಲಿಯ ಪಾವಿಯಾ ಊರಿನಲ್ಲಿ. ಅಪ್ಪ ಫಾಜಿಯೋ ಮಿಲಾನಿನ ವಕೀಲ, ಜ್ಯಾಮಿತಿಯಲ್ಲಿ ಎಷ್ಟು ಪಂಡಿತ ಅಂದರೆ ಲಿಯೊನಾರ್ಡೊ ಡ ವಿಂಚಿ ಕೂಡ ಅವನ ಹತ್ತಿರ ಸಲಹೆ ಕೇಳಿದ್ದುಂಟು. ಅಮ್ಮ ಕಿಯಾರಾಗೂ ಅವನಿಗೂ ಆಗ ಮದುವೆ ಆಗಿರಲಿಲ್ಲ. ಈ ಮಗು ಹುಟ್ಟದೇ ಇರಲಿ ಅಂತ ಅಮ್ಮ ಔಷಧ ಕುಡಿದಿದ್ದಳು, ಅದು ಕೆಲಸ ಮಾಡಲಿಲ್ಲ ಅಂತ ಕಾರ್ಡಾನೋ ಮುಂದೆ ತನ್ನ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡ. ಅವಳ ಮೊದಲಿನ ಮೂರು ಮಕ್ಕಳು ಪ್ಲೇಗಿಗೆ ಹೋದರು. ಬೇಡ ಅಂದುಕೊಂಡ ಈ ಮಗು ಉಳಿಯಿತು.

ಅಪ್ಪನಿಗೆ ಮಗ ಕಾನೂನು ಓದಲಿ ಅಂತ ಆಸೆ. ಮಗ ಹಠ ಹಿಡಿದು ವೈದ್ಯಕೀಯಕ್ಕೆ ಸೇರಿದ. ಮೊದಲು ಪಾವಿಯಾ, ಯುದ್ಧ ಬಂದಾಗ ಪಾದುವಾ. 1524ರಲ್ಲಿ ಅಪ್ಪ ತೀರಿಕೊಂಡ. ಉಳಿದಿದ್ದ ಸ್ವಲ್ಪ ಹಣ ಬೇಗ ಕರಗಿತು. ಆಗ ಕೈಗೆ ಬಂದಿದ್ದು ದಾಳ ಮತ್ತು ಇಸ್ಪೀಟು. ಉಳಿದವರು ಅದೃಷ್ಟ ನಂಬಿ ಆಡುತ್ತಿದ್ದ ಕಾಲದಲ್ಲಿ ಈ ಹುಡುಗ ಯಾವುದು ಎಷ್ಟು ಸಲ ಬೀಳುತ್ತೆ ಅಂತ ಮನಸ್ಸಿನಲ್ಲೇ ಎಣಿಸುತ್ತಿದ್ದ. ಗೆದ್ದ ದುಡ್ಡು ಓದಿಗೆ ಆಸರೆಯಾಯಿತು. ಬಾಯಿ ಮಾತ್ರ ಬಲು ಜೋರು, ಅದರಿಂದ ಶತ್ರುಗಳು ಜಾಸ್ತಿ. ವಿದ್ಯಾರ್ಥಿಗಳು ಆರಿಸುವ ರೆಕ್ಟರ್ ಹುದ್ದೆಗೆ ನಿಂತು ಒಂದೇ ಒಂದು ಓಟಿನಲ್ಲಿ ಗೆದ್ದ. ಡಾಕ್ಟರ್ ಪದವಿಗೆ ಎರಡು ಸಲ ತಿರಸ್ಕಾರವಾಗಿ ಮೂರನೇ ಸಲ ಪಾಸಾದ.

ವೆನಿಸ್ಸಿನ ಆ ರಾತ್ರಿ

ಆ ವಯಸ್ಸಿನಲ್ಲೇ ನಡೆದ ಒಂದು ಘಟನೆಯನ್ನು ಅವನು ಆತ್ಮಕಥೆಯಲ್ಲಿ ಬರೆದಿದ್ದಾನೆ. ವೆನಿಸ್ಸಿನ ಒಬ್ಬ ಸೆನೆಟರ್ ಮನೆಯಲ್ಲಿ ಇಸ್ಪೀಟು ನಡೆದಿತ್ತು. ಕಾರ್ಡಾನೋ ಸೋಲ್ತಾನೇ ಇದ್ದ. ಕೊನೆಗೆ ಕಣ್ಣಿಗೆ ಬಿತ್ತು: ಎಲೆಗಳ ಮೇಲೆ ಗುರುತು ಹಾಕಿದ್ದಾರೆ. ಚಾಕು ಎಳೆದು ಸೆನೆಟರನ ಮುಖಕ್ಕೆ ಗೀರಿ, ಕಳೆದುಕೊಂಡ ಹಣ ಬಾಚಿಕೊಂಡು, ಆಳುಗಳನ್ನು ಹೆದರಿಸಿ ಬಾಗಿಲು ತೆಗೆಸಿ ಓಡಿದ.

ಅದೇ ರಾತ್ರಿ, ಕಾವಲಿನವರ ಕೈಗೆ ಸಿಗದೆ ತಪ್ಪಿಸಿಕೊಂಡು ಓಡಾಡುತ್ತಾ, ಕತ್ತಲಲ್ಲಿ ಕಾಲು ಜಾರಿ ಕಾಲುವೆಗೆ ಬಿದ್ದ. ಹಾದು ಹೋಗುತ್ತಿದ್ದ ಒಂದು ದೋಣಿಯ ಅಂಚು ಕೈಗೆ ಸಿಕ್ಕಿತು. ದೋಣಿಯಲ್ಲಿದ್ದವರು ಮೇಲೆ ಎಳೆದುಕೊಂಡರು. ತಲೆ ಎತ್ತಿ ನೋಡಿದರೆ ಎದುರಿಗೆ ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಕೂತಿದ್ದಾನೆ ಅದೇ ಸೆನೆಟರ್! ಇನ್ನೇನು ಕಥೆ ಮುಗೀತು ಅಂದುಕೊಳ್ಳಬೇಕು, ಅಷ್ಟರಲ್ಲಿ ಆ ಮನುಷ್ಯ ತಾನಾಗೇ ನಾವಿಕರು ಹಾಕುವಂಥ ಒಣ ಬಟ್ಟೆ ತೆಗೆದು ಕೊಟ್ಟ. ಇಬ್ಬರೂ ಒಂದೇ ದೋಣಿಯಲ್ಲಿ ಪಾದುವಾವರೆಗೆ ಹೋದರು.

ಇಡೀ ವೆನಿಸ್ಸಿನಲ್ಲಿ ಅದೇ ದೋಣಿ, ಅದೇ ಮನುಷ್ಯ! ಇದರ ಸಂಭವ ಎಷ್ಟು ಅಂತ ಕೇಳೋಣ ಅನ್ನಿಸುತ್ತೆ. ಆದರೆ ಇದಕ್ಕೆ ಟೇಬಲಿನ ಲೆಕ್ಕದ ಹಾಗೆ ಉತ್ತರ ಕೊಡೋಕಾಗಲ್ಲ. ಅಲ್ಲಿ ಚೀಟಿ ಎತ್ತಿದ್ದರು, 89 ಕುರ್ಚಿಗೂ ಸಮನಾದ ಅವಕಾಶ ಇತ್ತು. ವೆನಿಸ್ಸಿನ ದೋಣಿಗಳಿಗೆ ಯಾರೂ ಚೀಟಿ ಎತ್ತಿರಲಿಲ್ಲ. ಒಬ್ಬ ಗಾಯಗೊಂಡವನು, ಇನ್ನೊಬ್ಬ ಗಾಯ ಮಾಡಿ ಓಡಿದವನು, ಇಬ್ಬರೂ ಅದೇ ರಾತ್ರಿ ಅದೇ ನೀರಿನ ಹಾದಿಯಲ್ಲಿ. ಟೂರ್ನಮೆಂಟಿಗೂ ಇದೇ ಮಾತು. ಚೀಟಿ ಬಿಟ್ಟು ಬಂದ ಸಾಲಿನಲ್ಲೇ ಕೂರಿಸಿದರೆ ಒಂದೇ ಆಟೋದಲ್ಲಿ ಬಂದ ಗೆಳೆಯರು ಒಂದೇ ಟೇಬಲಿಗೇ ಬೀಳ್ತಾರೆ. ಆಗ 8/89 ಅನ್ನೋದು ಬರೀ ಕಾಗದದ ಮೇಲಿನ ಸಂಖ್ಯೆ.

ಎಲ್ಲಾ ಸಾಧ್ಯತೆಗಳಿಗೂ ಸಮಾನ ಅವಕಾಶ ಇದೆಯಾ ಅನ್ನೋದನ್ನ ಮೊದಲು ನೋಡಬೇಕು, ಆಮೇಲೆ ಎಣಿಸಬೇಕು. ಜೂಜಿನ ಬುಡದಲ್ಲೇ ಈ ಸಮಾನತೆಯನ್ನು ಇಟ್ಟವನು ಕಾರ್ಡಾನೋ.

ಹೆಂಡತಿಯ ಒಡವೆ

ಡಾಕ್ಟರ್ ಆದ ಮೇಲೆ ಮಿಲಾನಿಗೆ ಬಂದು ವೈದ್ಯರ ಸಂಘಕ್ಕೆ ಅರ್ಜಿ ಹಾಕಿದ. ಮದುವೆಯಾಗದ ತಂದೆತಾಯಿಗೆ ಹುಟ್ಟಿದವನು ಅಂತ ಸೇರಿಸಿಕೊಳ್ಳಲಿಲ್ಲ. ಪಾದುವಾ ಹತ್ತಿರದ ಹಳ್ಳಿಯೊಂದರಲ್ಲಿ ಔಷಧ ಕೊಡುತ್ತಾ ಕಾಲ ಕಳೆದ. 1531ರಲ್ಲಿ ಲೂಚಿಯಾಳನ್ನು ಮದುವೆಯಾದ. ಆಮೇಲೆ ಗಲ್ಲರಾತೆ ಎಂಬ ಊರಿಗೆ ಹೋದರು. ರೋಗಿಗಳು ಬರಲಿಲ್ಲ, ಜೂಜು ಹೆಚ್ಚಾಯಿತು. ಈ ಸಲ ಎಣಿಕೆ ಕೈ ಹಿಡಿಯಲಿಲ್ಲ. ಹೆಂಡತಿಯ ಒಡವೆ ಹೋಯಿತು, ಮನೆಯ ಸಾಮಾನು ಹೋಯಿತು. ಕೊನೆಗೆ ಗಂಡ ಹೆಂಡತಿ ಇಬ್ಬರೂ ಮಿಲಾನಿನ ಅನಾಥಾಲಯದಂಥ ಬಡವರ ಆಶ್ರಯದಲ್ಲಿ ಇರಬೇಕಾಯಿತು.

ದಾಳದ ಎಲ್ಲ ಮುಖಗಳ ಲೆಕ್ಕ ಗೊತ್ತಿದ್ದವನಿಗೇ ಹೀಗಾಯಿತು ಅನ್ನೋದನ್ನ ಗಮನಿಸಿ. ಚದುರಂಗವನ್ನು ನಲವತ್ತು ವರ್ಷಕ್ಕೂ ಹೆಚ್ಚು, ದಾಳವನ್ನು ಸುಮಾರು ಇಪ್ಪತ್ತೈದು ವರ್ಷ, ಅದೂ ದಿನಾ ಆಡಿದೆ, ಹೇಳೋಕೆ ನಾಚಿಕೆಯಾಗುತ್ತೆ ಅಂತ ಅವನೇ ಮುದಿವಯಸ್ಸಿನಲ್ಲಿ ಒಪ್ಪಿಕೊಂಡಿದ್ದಾನೆ.

ಮೇಲೆ ಎತ್ತಿದ್ದು ಗಣಿತವೇ. 1534ರಲ್ಲಿ ಅಪ್ಪ ಹಿಂದೆ ಪಾಠ ಹೇಳುತ್ತಿದ್ದ ಜಾಗದಲ್ಲೇ ಗಣಿತದ ಉಪನ್ಯಾಸಕನ ಕೆಲಸ ಸಿಕ್ಕಿತು. ಬಿಡುವಿನಲ್ಲಿ ರೋಗಿಗಳನ್ನು ನೋಡುತ್ತಾ ಹೆಸರು ಮಾಡಿದ. 1539ರಲ್ಲಿ ಅದೇ ವೈದ್ಯರ ಸಂಘ ಅವನನ್ನು ಸೇರಿಸಿಕೊಂಡಿತು. ಮುಂದೆ ಯುರೋಪಿನಲ್ಲೇ ಹೆಸರಾಂತ ವೈದ್ಯನಾಗಿ, 1552ರಲ್ಲಿ ಸ್ಕಾಟ್ಲೆಂಡಿನವರೆಗೂ ಹೋಗಿ ಉಬ್ಬಸದಿಂದ ನರಳುತ್ತಿದ್ದ ಆರ್ಚ್‌ಬಿಷಪ್ ಹ್ಯಾಮಿಲ್ಟನ್‌ಗೆ ಚಿಕಿತ್ಸೆ ಮಾಡಿ ಬಂದ. ಹಕ್ಕಿಪುಕ್ಕದ ಹಾಸಿಗೆ ಬಿಡಿ ಅನ್ನೋದೂ ಆ ಚಿಕಿತ್ಸೆಯಲ್ಲಿ ಸೇರಿತ್ತು. ರೋಗಿ ಸುಧಾರಿಸಿಕೊಂಡ.

ಆಣೆ ಮತ್ತು ಘನ ಸಮೀಕರಣ

ಕಾರ್ಡಾನೋನ ಹೆಸರು ಗಣಿತದಲ್ಲಿ ಉಳಿದಿದ್ದು ಮುಖ್ಯವಾಗಿ ಘನ ಸಮೀಕರಣದಿಂದ. ಅದನ್ನು ಬಿಡಿಸುವ ಗುಟ್ಟು ತಾರ್ತಾಲಿಯಾ ಎಂಬ ಗಣಿತಜ್ಞನ ಹತ್ತಿರ ಇತ್ತು. 1539ರಲ್ಲಿ ಕಾರ್ಡಾನೋ ಬೆನ್ನು ಬಿದ್ದು, ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ, ಆ ಗುಟ್ಟು ತಿಳಿದುಕೊಂಡ. ಆಮೇಲೆ 1543ರಲ್ಲಿ ಶಿಷ್ಯ ಫೆರಾರಿಯ ಜೊತೆ ಬೊಲೊನ್ಯಾಗೆ ಹೋದಾಗ, ತಾರ್ತಾಲಿಯಾಗಿಂತ ಮೊದಲೇ ದೆಲ್ ಫೆರ್ರೋ ಎಂಬವನು ಇದನ್ನು ಬಿಡಿಸಿದ್ದ ಕಾಗದಪತ್ರ ಕಣ್ಣಿಗೆ ಬಿತ್ತು. ಮೊದಲು ಕಂಡುಹಿಡಿದವನು ಬೇರೆಯವನಾದರೆ ಆಣೆ ಇನ್ನೆಲ್ಲಿ ಅಂತ ಲೆಕ್ಕ ಹಾಕಿ, 1545ರಲ್ಲಿ ಆರ್ಸ್ ಮ್ಯಾಗ್ನಾ ಪುಸ್ತಕದಲ್ಲಿ ಅಚ್ಚು ಹಾಕಿಸಿಬಿಟ್ಟ. ಇಬ್ಬರ ಹೆಸರನ್ನೂ ಹೇಳಿಯೇ ಬರೆದ. ಆದರೂ ತಾರ್ತಾಲಿಯಾ ಸಾಯುವ ತನಕ ಕ್ಷಮಿಸಲಿಲ್ಲ. ಯಾರದು ಸರಿ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ.

ಅದೇ ಪುಸ್ತಕದಲ್ಲಿ 10ನ್ನು ಎರಡು ಭಾಗ ಮಾಡಿ, ಗುಣಿಸಿದರೆ 40 ಬರಬೇಕು ಅನ್ನೋ ಲೆಕ್ಕ ಇದೆ. ಉತ್ತರದಲ್ಲಿ ಮೈನಸ್ 15ರ ವರ್ಗಮೂಲ ಬರುತ್ತೆ. ಮನಸ್ಸಿಗೆ ಹಿಂಸೆಯಾದರೂ ಗುಣಿಸಿ ನೋಡಿದ, ಸರಿಯಾಗಿ 40 ಬಂತು. ಸೂಕ್ಷ್ಮವಾಗಿದೆ, ಉಪಯೋಗ ಮಾತ್ರ ಇಲ್ಲ ಅನ್ನೋ ಅರ್ಥದಲ್ಲಿ ಬರೆದು ಮುಂದೆ ಹೋದ. ಎಲೆಕ್ಟ್ರಿಕಲ್‌ನವರು ನಗಬಹುದು.

ಎಣಿಸಿದ, ತಪ್ಪಿದ, ತಿದ್ದಿಕೊಂಡ

ಈಗ ಜೂಜಿನ ಪುಸ್ತಕಕ್ಕೆ ಬರೋಣ. ಲ್ಯಾಟಿನ್ ಭಾಷೆಯಲ್ಲಿ ಅದರ ಹೆಸರು ಲಿಬೆರ್ ದೆ ಲುದೋ ಅಲೆಯೆ, ಅಂದರೆ ಜೂಜಾಟದ ಪುಸ್ತಕ. ಪುಟ್ಟ ಪುಟ್ಟ ಅಧ್ಯಾಯಗಳು. ಯಾರ ಜೊತೆ ಆಡಬೇಕು, ಎಷ್ಟು ಪಣ ಕಟ್ಟಬೇಕು, ಎಲೆಗಳಲ್ಲಿ ಹೇಗೆ ಮೋಸ ಮಾಡ್ತಾರೆ, ದಾಳ ಹೇಗೆ ಬೀಳುತ್ತೆ, ಎಲ್ಲಾ ಇದೆ. ಜೂಜು ಕೆಟ್ಟದ್ದೇ ಇರಬಹುದು, ಆದರೆ ಇಷ್ಟು ಜನಕ್ಕೆ ಅಂಟಿರುವಾಗ ವಾಸಿಯಾಗದ ರೋಗದ ಬಗ್ಗೆ ಬರೆದ ಹಾಗೆ ಡಾಕ್ಟರೇ ಅದರ ಬಗ್ಗೆ ಬರೆಯಬೇಕು ಅನ್ನೋದು ಅವನ ಸಮಜಾಯಿಷಿ.

ಅವನ ಪ್ರಕಾರ ಆಟದ ಮೂಲ ತತ್ವ ಸಮಾನತೆ. ಎದುರಾಳಿ, ಹಣ, ಕೂರುವ ಜಾಗ, ದಾಳ, ದಾಳದ ಡಬ್ಬಿ, ಕೊನೆಗೆ ಪಕ್ಕ ನಿಂತು ನೋಡುವವರು ಕೂಡ ಎರಡೂ ಕಡೆಗೆ ಸಮ ಇರಬೇಕು. ತಕ್ಕಡಿ ಎದುರಾಳಿ ಕಡೆ ವಾಲಿದ್ದರೂ ಆಡುವವನು ಮೂರ್ಖ, ತನ್ನ ಕಡೆ ವಾಲಿಸಿಕೊಂಡು ಆಡುವವನು ಅನ್ಯಾಯಗಾರ. ಪಕ್ಕ ನಿಂತವರನ್ನು ಯಾಕೆ ಸೇರಿಸಿದ ಅಂತ ಊಹಿಸೋದು ಕಷ್ಟವಲ್ಲ. ಎದುರಾಳಿಯ ಗೆಳೆಯ ನಿಮ್ಮ ಬೆನ್ನ ಹಿಂದೆ ನಿಂತಿದ್ದರೆ ನಿಮ್ಮ ಎಲೆ ಅವನಿಗೆ ಗೊತ್ತು. ಇವತ್ತು ಪೋಕರ್ ಟೂರ್ನಮೆಂಟಿನಲ್ಲಿ ಕುರ್ಚಿಗೆ ಚೀಟಿ ಎತ್ತೋದರ ಹಿಂದೆ ಇದೇ ಭಯ ಇದೆ. ಗೆಳೆಯರಿಬ್ಬರು ಒಂದೇ ಟೇಬಲಿನಲ್ಲಿ ಕೂತರೆ ಒಬ್ಬರ ಮೇಲೊಬ್ಬರು ಜೋರಾಗಿ ಪಣ ಏರಿಸದೆ ಮೂರನೆಯವನನ್ನು ಮಧ್ಯೆ ಸಿಕ್ಕಿಸಿ ಹಿಂಡಬಹುದು. ಅವರು ಮೋಸ ಮಾಡದಿದ್ದರೂ ಉಳಿದವರಿಗೆ ಅನುಮಾನ ತಪ್ಪಲ್ಲ.

ಇನ್ನು ಎಣಿಕೆ. ಎರಡು ದಾಳಕ್ಕೆ 36 ಬಗೆ, ಮೂರಕ್ಕೆ 216 ಬಗೆ ಅಂತ ಅವನು ಸರಿಯಾಗಿ ಎಣಿಸಿದ. ನಮಗೆ ಬೇಕಾದ ಬಗೆಗಳನ್ನು ಒಟ್ಟು ಬಗೆಗಳ ಜೊತೆ ಹೋಲಿಸಿ ಪಣ ಕಟ್ಟಬೇಕು ಅಂದ. ಈಗ ನಮಗೆ ಇದು ಒಂದು ಸಾಲಿನ ಸೂತ್ರ. ಆಗ ಅದನ್ನು ಬರೆದಿಟ್ಟವರು ಯಾರೂ ಇರಲಿಲ್ಲ.

ಅವನು ಮುಗ್ಗರಿಸಿದ್ದು ಮತ್ತೆ ಮತ್ತೆ ಎಸೆಯುವ ಲೆಕ್ಕದಲ್ಲಿ. ಒಂದು ದಾಳಕ್ಕೆ ಆರು ಮುಖ. ಆರರ ಅರ್ಧ ಮೂರು. ಹಾಗಾಗಿ ಮೂರು ಸಲ ಎಸೆದರೆ ಬೇಕಾದ ಮುಖ ಬೀಳುವುದಕ್ಕೂ ಬೀಳದೇ ಇರುವುದಕ್ಕೂ ಸಮ ಸಮ ಅಂದುಬಿಟ್ಟ. ನಮ್ಮ ನಾಲ್ಕು ಗೆಳೆಯರ 54ರ ಲೆಕ್ಕಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ. ಎರಡು ಸಲ, ಮೂರು ಸಲ ಅದೇ ಮುಖ ಬೀಳುವ ಬಗೆಗಳನ್ನೂ ಬೇರೆ ಬೇರೆಯಾಗಿ ಎಣಿಸಿ ಕೂಡಿದ ಹಾಗಾಯಿತು. ಹಾಗೇ ಹೋದರೆ ಏಳು ಸಲ ಎಸೆದರೆ ಶೇಕಡ ನೂರನ್ನೂ ದಾಟುತ್ತೆ!

ಆಮೇಲೆ ಅದೇ ಪುಸ್ತಕದಲ್ಲಿ ಮೂರು ದಾಳಗಳನ್ನು ಒಂದೊಂದಾಗಿ ಎಣಿಸಿದಾಗ ಬೇಕಾದ ಮುಖ ಬರುವುದು 216ರಲ್ಲಿ 91 ಸಲ, ಬರದೇ ಇರುವುದು 125 ಸಲ ಅಂತ ಸಿಕ್ಕಿತು. 91 ಅಂದರೆ ಶೇಕಡ 42, ಅರ್ಧ ಅಲ್ಲ. ಒಂದೇ ಘಟನೆ ಸಾಲಾಗಿ ಹಲವು ಸಲ ಆಗಬೇಕಾದರೆ ಅದರ ಸಂಭವವನ್ನು ಗುಣಿಸಬೇಕು ಅನ್ನೋ ನಿಯಮಕ್ಕೂ ಹೀಗೇ ತಪ್ಪಿ ತಪ್ಪಿ ಬಂದು ಮುಟ್ಟಿದ. ಮೊದಲು ಒಂದು ನಿಯಮ ಹೇಳಿ, ಆಮೇಲೆ ಅದು ತಪ್ಪು ಅಂತ ತಾನೇ ಹೇಳಿ, ಸರಿಯಾದ್ದನ್ನು ಬರೆದ. ಹಳೆಯದನ್ನು ಅಳಿಸಲಿಲ್ಲ. ತಪ್ಪು ರೀಡಿಂಗನ್ನೂ ಹಾಗೇ ಬಿಟ್ಟ ಲ್ಯಾಬ್ ರೆಕಾರ್ಡಿನ ಹಾಗಿದೆ ಆ ಪುಸ್ತಕ.

ಅದೇ ಗುಣಾಕಾರದಿಂದ ನಮ್ಮ ಲೆಕ್ಕ ಮುಗಿಸಿಬಿಡೋಣ. ಜೊತೆಗೆ ಬೀಳೋದನ್ನ ಬಿಟ್ಟು, ಯಾರೂ ಜೊತೆಗೆ ಬೀಳದೇ ಇರೋದನ್ನ ಎಣಿಸಿ. ಎರಡನೆಯವನು ಮೊದಲನೆಯವನ ಟೇಬಲ್ ತಪ್ಪಿಸಬೇಕು: 81/89. ಮೂರನೆಯವನು ಇಬ್ಬರದ್ದನ್ನೂ ತಪ್ಪಿಸಬೇಕು: 72/88. ನಾಲ್ಕನೆಯವನು ಮೂವರದ್ದನ್ನೂ: 63/87. ಮೂರನ್ನೂ ಗುಣಿಸಿದರೆ ಸುಮಾರು 0.54. ಅಂದರೆ ನಾಲ್ವರೂ ಬೇರೆ ಬೇರೆ ಟೇಬಲಿಗೆ ಹೋಗೋದೇ ಶೇಕಡ 54. ಇಬ್ಬರಾದರೂ ಜೊತೆಗೆ ಬೀಳೋದು ಉಳಿದ 46. ಬಾಜಿ ಕಟ್ಟಬೇಕಾಗಿದ್ದದ್ದು ತದ್ವಿರುದ್ಧ ಕಡೆಗೆ! ನಾಲ್ವರೂ ಒಂದೇ ಟೇಬಲಿಗೆ ಬೀಳೋದಂತೂ ಎರಡು ಸಾವಿರಕ್ಕೆ ಒಂದು ಸಲ.

ಎಣಿಕೆಗೆ ಸಿಗದ್ದು

ದಾಳದ ಮುಂದೆ ಇಷ್ಟು ಸರಿಯಾಗಿ ಯೋಚಿಸುತ್ತಿದ್ದವನು ಜಾತಕವನ್ನೂ ನಂಬುತ್ತಿದ್ದ. ಇಂಗ್ಲೆಂಡಿನ ಬಾಲರಾಜ ಆರನೇ ಎಡ್ವರ್ಡನ ಜಾತಕ ನೋಡಿ ಐವತ್ತು ದಾಟಿ ಬದುಕ್ತಾನೆ ಅಂದ. ಹುಡುಗ 1553ರಲ್ಲಿ, ಹದಿನೈದನೇ ವಯಸ್ಸಿಗೆ ತೀರಿಕೊಂಡ. ಕಾರ್ಡಾನೋ ಅದಕ್ಕೂ ಏನೋ ಕಾರಣ ಹುಡುಕಿದ.

ತನ್ನ ಮನೆಯಲ್ಲಿ ಏನಾಗುತ್ತೆ ಅಂತಲೂ ಅವನಿಗೆ ಕಾಣಲಿಲ್ಲ. ಅವನ ಪ್ರಾಣ ಅಂದರೆ ಹಿರಿಯ ಮಗ ಜೊವಾನಿ ಬತ್ತಿಸ್ತ. ಅಪ್ಪನ ಹಾಗೇ ಡಾಕ್ಟರ್ ಆದ. ಯಾರಿಗೂ ಹೇಳದೆ ಒಬ್ಬಳನ್ನು ಮದುವೆಯಾದ. ಮಕ್ಕಳು ನಿನ್ನವಲ್ಲ ಅಂತ ಅವಳು ಹಂಗಿಸುತ್ತಿದ್ದಳಂತೆ. ಅವನು ಕೇಕಿನಲ್ಲಿ ಆರ್ಸೆನಿಕ್ ಬೆರೆಸಿ ಅವಳನ್ನು ಕೊಂದ. ಸಿಕ್ಕಿಬಿದ್ದು ಒಪ್ಪಿಕೊಂಡ. ಸತ್ತವಳ ಮನೆಯವರನ್ನು ಸಮಾಧಾನ ಮಾಡಿದರೆ ಮಗನ ಜೀವ ಉಳಿಯಬಹುದು ಅನ್ನೋ ಒಂದು ದಾರಿ ಇತ್ತು. ಅವರು ಕೇಳಿದಷ್ಟು ಹಣ ಕೊಡೋಕೆ ಅಪ್ಪನ ಕೈಲಾಗಲಿಲ್ಲ. 1560ರ ಏಪ್ರಿಲಿನಲ್ಲಿ ಮಗನ ತಲೆ ಕಡಿದರು.

ಕಾರ್ಡಾನೋ ಆ ಪೆಟ್ಟಿನಿಂದ ಮತ್ತೆ ಎದ್ದು ನಿಲ್ಲಲಿಲ್ಲ. ಮಿಲಾನಿನಲ್ಲಿ ಇರಲಾರದೆ 1562ರಲ್ಲಿ ಬೊಲೊನ್ಯಾದಲ್ಲಿ ಪ್ರೊಫೆಸರನಾದ. ಜೂಜಿನ ಪುಸ್ತಕವನ್ನು ಈ ದಿನಗಳಲ್ಲೂ ತಿದ್ದುತ್ತಿದ್ದ. ದುಃಖದ ಹೊತ್ತಿನಲ್ಲಿ ಜೂಜು ತಪ್ಪಲ್ಲ, ಮನಸ್ಸಿಗೆ ಆರಾಮವೂ ಹೌದು ಅಂತ ಅದರಲ್ಲಿ ಬರೆದಿದ್ದಾನೆ. ಆಟದಲ್ಲಿ ಅತಿ ದೊಡ್ಡ ಲಾಭ ಅಂದರೆ ಆಡದೇ ಇರೋದು ಅಂತ ಬರೆದಿರೋದೂ ಅದೇ ಪುಸ್ತಕದಲ್ಲಿ. ಎರಡೂ ಅವನ ಮಾತೇ. ಕಿರಿಯ ಮಗ ಆಲ್ದೊಗೆ ಅಪ್ಪನಿಂದ ಬಂದಿದ್ದು ಗಣಿತ ಅಲ್ಲ, ಜೂಜು. ಅಪ್ಪನ ಮನೆಯಲ್ಲೇ ಕದ್ದ. ಕೊನೆಗೆ ಅಪ್ಪನೇ ದೂರು ಕೊಟ್ಟು ಅವನನ್ನು ಊರಿಂದ ಗಡಿಪಾರು ಮಾಡಿಸಬೇಕಾಯಿತು.

1570ರಲ್ಲಿ ಧರ್ಮವಿರೋಧಿ ಅಂತ ಚರ್ಚಿನ ನ್ಯಾಯಾಲಯ ಹಿಡಿದು ಜೈಲಿಗೆ ಹಾಕಿತು. ಕೆಲವು ತಿಂಗಳಿಗೆ ಬಿಟ್ಟರೂ ಪಾಠ ಮಾಡುವ ಹಾಗಿರಲಿಲ್ಲ, ಪುಸ್ತಕ ಅಚ್ಚು ಹಾಕಿಸುವ ಹಾಗಿರಲಿಲ್ಲ. ರೋಮಿಗೆ ಹೋಗಿ, ಪೋಪ್ ಕೊಟ್ಟ ಪಿಂಚಣಿಯಲ್ಲಿ ಬದುಕುತ್ತಾ ಆತ್ಮಕಥೆ ಬರೆದ. 1576ರ ಸೆಪ್ಟೆಂಬರಿನಲ್ಲಿ, ಎಪ್ಪತ್ತೈದಕ್ಕೆ ಮೂರು ದಿನ ಕಡಿಮೆ ಇರುವಾಗ ತೀರಿಕೊಂಡ.

ಜೂಜಿನ ಪುಸ್ತಕ ಅಚ್ಚಾಗಿದ್ದು 1663ರಲ್ಲಿ, ಫ್ರಾನ್ಸಿನ ಲಿಯೋನ್‌ನಲ್ಲಿ, ಅವನ ಸಮಗ್ರ ಬರಹಗಳ ಜೊತೆ. ಅದಕ್ಕೆ ಒಂಬತ್ತು ವರ್ಷ ಮೊದಲೇ, 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡು ಪ್ರಾಬಬಿಲಿಟಿಗೆ ಗಟ್ಟಿ ಅಡಿಪಾಯ ಹಾಕಿ ಆಗಿತ್ತು. ಹಾಗಾಗಿ ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರೇ ಮೊದಲು.

ಲೆಕ್ಕ ಬರುತ್ತೆ, ಹಾಗಾಗಿ ನಾನು ಸೋಲಲ್ಲ ಅಂತ ರಾತ್ರಿ ಎರಡು ಗಂಟೆಗೆ ಫೋನ್ ಹಿಡಿದು ಕೂತವರನ್ನು ನಾವೆಲ್ಲ ನೋಡಿದ್ದೇವೆ. ಆ ಲೆಕ್ಕವನ್ನು ಮೊದಲು ಬರೆದವನಿಗೇ ಹೆಂಡತಿಯ ಒಡವೆ ಉಳಿಸಿಕೊಳ್ಳೋಕಾಗಲಿಲ್ಲ. ನಾಲ್ಕು ಗೆಳೆಯರು ಎಲ್ಲಿ ಕೂರ್ತಾರೆ ಅಂತ ಅವನ ಎಣಿಕೆಯಿಂದ ಹೇಳಬಹುದು. ಯಾವಾಗ ಏಳಬೇಕು ಅನ್ನೋದನ್ನೂ ಅದೇ ಎಣಿಕೆ ಅವನಿಗೆ ಹೇಳಿತ್ತು. ಅವನು ಬರೆದುಕೊಂಡ, ಎದ್ದು ಹೋಗಲಿಲ್ಲ.